ಗಂಗವ್ವನ ಗೂಡು

ಅಂಬಿಗರ ಮಾಯಪ್ಪನ ಮೂಗಿಗೆ ಊರಲ್ಲಿ ಒಳ್ಳೆಯ ಹೆಸರಿತ್ತು. ಜೋಳದ ಚೀಲದ ಬಾಯಿ ಬಿಚ್ಚುವುದೇ ತಡ, ಒಳಗೆ ಹಸಿ ಎಷ್ಟಿದೆ ಎಂದು ಹೇಳಿಬಿಡುತ್ತಿದ್ದ. ಆದರೆ ಆ ಮೂಗು ಪಳಗಿದ್ದು ಜೋಳದಿಂದಲ್ಲ, ದೋಣಿಯಿಂದ. ಇಪ್ಪತ್ತೆರಡು ವರ್ಷದಿಂದ ಒಂದೇ ದೋಣಿ. ಜಾಲಿ ಮರದ್ದು, ಹದಿನೆಂಟು ಅಡಿ ಉದ್ದ. ಊರವರ ಬಾಯಲ್ಲಿ ಅದು ‘ನಾವ’. ಮಳೆಗಾಲದಲ್ಲಿ ಕೃಷ್ಣೆ ಏರಿ, ಹೊಳೆಗೆ ಅಡ್ಡ ಕಟ್ಟಿದ ಬಂಧಾರದ ಮೇಲಿನ ದಾರಿ ಮುಳುಗಿತೆಂದರೆ ಆಚೆ ದಂಡೆಯ ಕಬ್ಬಿನ ಹೊಲಗಳಿಗೂ ತೋಟದ ಮನೆಗಳಿಗೂ ಆ ದೋಣಿಯೇ ಗತಿ. ದೀಪಾವಳಿ ಕಳೆದು ಹೊಳೆ ಇಳಿದ ಮೇಲೆ ಜನ ಬಂಧಾರದ ಮೇಲೆ ಮೋಟರ್ ಸೈಕಲ್ ಓಡಿಸಿಕೊಂಡು ಹೋಗುತ್ತಾರೆ, ದೋಣಿಯ ಕಡೆ ಕತ್ತೆತ್ತಿಯೂ ನೋಡುವುದಿಲ್ಲ.

ಮಾಯಪ್ಪನ ನಿಜವಾದ ಕೆಲಸ ಶುರುವಾಗುವುದು ಆಗಲೇ. ಹುಟ್ಟು ಹಾಕುವುದನ್ನು ಯಾರು ಬೇಕಾದರೂ ಕಲಿತಾರು, ದೋಣಿಯನ್ನು ಚಳಿಗಾಲ ದಾಟಿಸಿದವನೇ ಅಂಬಿಗ ಎಂಬುದು ಅವನ ಮಾತು. ಕೇಳಿದವರಿಗೆ ನಗೆ. ನಮ್ಮ ಕಡೆ ಚಳಿಗಾಲದಲ್ಲಿ ಮಳೆಯೆಲ್ಲಿ, ಹಸಿಯೆಲ್ಲಿ? ದಂಡೆಗೆ ಎಳೆದುಹಾಕಿದರೆ ತಾನೇ ಒಣಗುತ್ತದೆ ಎನ್ನುವವರೇ ಎಲ್ಲ. ಮಾಯಪ್ಪ ಅವರ ಜತೆ ವಾದಕ್ಕೆ ನಿಲ್ಲುತ್ತಿರಲಿಲ್ಲ. ಸುತ್ತಲೂ ನೀರುಂಡ ಕಬ್ಬು, ಪಕ್ಕದಲ್ಲಿ ಹೊಳೆ, ಬೆಳಗಿನ ಜಾವ ಎಲೆಎಲೆಯಿಂದ ತೊಟ್ಟಿಕ್ಕುವ ಇಬ್ಬನಿ. ಬಿಸಿಲಿಗಿಟ್ಟರೆ ಹಲಗೆ ಸೀಳುತ್ತದೆ, ತಾಡಪತ್ರಿ ಸುತ್ತಿಟ್ಟರೆ ಬಿಸಿ ರೊಟ್ಟಿಯನ್ನು ಡಬ್ಬಿಗೆ ಹಾಕಿ ಮುಚ್ಚಿದ ಹಾಗೆ ಒಳಗೇ ಬೆವರಿ ಬೂಸ್ಟು ಹಿಡಿಯುತ್ತದೆ. ದೋಣಿಗೆ ಬೇಕಾದದ್ದು ನೆರಳು ಮತ್ತು ಗಾಳಿ, ಎರಡೂ ಒಟ್ಟಿಗೆ. ಇದು ಗೊತ್ತಿರುವ ಇನ್ನೊಬ್ಬ ಮನುಷ್ಯ ಊರಲ್ಲಿದ್ದ. ಅವನೇ ದ್ರಾಕ್ಷಿ ತೋಟದ ಲಗಮಣ್ಣ.

ಲಗಮಣ್ಣ ಒಣದ್ರಾಕ್ಷಿ ಮಾಡುವವನು. ಅವನ ಶೆಡ್ಡಿಗೆ ಮೇಲೆ ತಗಡು, ಸುತ್ತ ಹಸಿರು ಪರದೆ, ಒಳಗೆ ಜಾಳಿಗೆಯ ಅಟ್ಟಗಳು. ಬಿಸಿಲು ಒಳಗೆ ಬರುವ ಹಾಗಿಲ್ಲ, ಗಾಳಿ ನಿಲ್ಲುವ ಹಾಗಿಲ್ಲ. ದ್ರಾಕ್ಷಿ ಕೊಯ್ಲು ಶಿವರಾತ್ರಿಯ ಸುಮಾರಿಗೆ, ಅಲ್ಲಿಯವರೆಗೆ ಶೆಡ್ಡು ಖಾಲಿ. ಆದ್ದರಿಂದ ನಾಲ್ಕು ವರ್ಷದಿಂದ ದೋಣಿಗೆ ಅದೇ ಚಳಿಗಾಲದ ಮನೆ. ದ್ರಾಕ್ಷಿ ಒಣಗುವ ಜಾಗದಲ್ಲಿ ದೋಣಿ ಒಣಗದಿದ್ದೀತೆ ಎಂದು ಲಗಮಣ್ಣನೇ ಮೊದಲ ಸಲ ಟ್ರ್ಯಾಕ್ಟರ್ ಕಳಿಸಿದ್ದ.

ಈ ವರ್ಷ ಅವನೇ ಪಂಚಾಯತಿ ಅಧ್ಯಕ್ಷ, ದೋಣಿಯೂ ಪಂಚಾಯತಿಯದೇ. ದೀಪಾವಳಿಯ ಮರುವಾರ ಅವನು ಮಾಯಪ್ಪನನ್ನು ಕರೆಸಿ ಕೂರಿಸಿ, ಚಹಾ ಕೊಟ್ಟು, ಸುತ್ತುಬಳಸಿಲ್ಲದೆ ವಿಷಯ ಹೇಳಿದ. ಮಳೆಗಾಲದೊಳಗೆ ಊರಿಗೆ ಫೈಬರ್ ದೋಣಿ ಬರುತ್ತದೆ. ಹಳೆಯದು ಗಟ್ಟಿಯಿದ್ದರೆ ಅದೂ ಹೊಳೆಯಲ್ಲೇ ಇರಲಿ, ಎರಡು ದೋಣಿ ಯಾವ ಊರಿಗೂ ಭಾರವಲ್ಲ. ಗಟ್ಟಿಯಿಲ್ಲದಿದ್ದರೆ ಜನರನ್ನು ಕೂರಿಸುವುದು ತಪ್ಪು. ನಿಪ್ಪಾಣಿಯ ಹೈವೇ ಮೇಲೆ ಹೋಟೆಲ್ ಇಟ್ಟಿರುವ ಶಿವರಾಜ ಎಂಬವನು ಅದನ್ನು ಕೇಳಿದ್ದಾನೆ, ಬಾಗಿಲ ಮುಂದಿಟ್ಟು ಹೂವಿನ ಗಿಡ ಹಚ್ಚುತ್ತಾನಂತೆ.

“ಶಿವರಾತ್ರಿ ದಿನ ದಬ್ಬಣ ತಗೊಂಡ ಬರ್ತೀನಿ, ಮಾಯಪ್ಪಕಾಕಾ,” ಎಂದ ಲಗಮಣ್ಣ. “ಒಂದs ಒಂದ ಹಲಗಿ ಮೆತ್ತಗ ಹತ್ತಿದ್ರೂ ಹೋಟೆಲಿಗೆ. ಇಲ್ಲಂದ್ರ ಹೊಳಿಗೆ. ಇದು ನಿಮಗೂ ಒಪ್ಪಿಗಿನಾ?”

ಮಾಯಪ್ಪ ಒಪ್ಪಿದ. ತನ್ನ ಕೈ ಮೇಲೆ ಅವನಿಗೆ ಅಷ್ಟು ಧೈರ್ಯ. ಮನೆಗೆ ಬಂದು ಹೆಂಡತಿ ಸುಂದರಾಗೆ ಮಾತ್ರ ಏನೂ ಹೇಳಲಿಲ್ಲ. ಹೇಳಿದರೆ ಶಿವರಾತ್ರಿಯ ತನಕ ಅವಳಿಗೆ ಅನ್ನ ರುಚಿಸುವುದಿಲ್ಲ ಎಂದುಕೊಂಡ. ಅವರಿಗೆ ಇಬ್ಬರು ಗಂಡುಮಕ್ಕಳು, ಇಬ್ಬರೂ ಸಕ್ಕರೆ ಕಾರ್ಖಾನೆಯಲ್ಲಿ ದುಡಿದುಕೊಂಡು ಸುಖವಾಗಿದ್ದರು. ಹೆಣ್ಣು ಹುಟ್ಟಲಿಲ್ಲವೆಂಬ ಕೊರಗನ್ನು ಸುಂದರಾ ದೋಣಿಯ ಮೇಲೆ ತೀರಿಸಿಕೊಂಡಿದ್ದಳು. ಅವಳ ಪಾಲಿಗೆ ಅದು ‘ಅದು’ ಅಲ್ಲ, ‘ಆಕಿ’. ಆಕಿ ಉಂಡಾಳೇನು ಎಂದು ಕೇಳುವುದೊಂದು ಬಾಕಿ ಎಂದು ಮಕ್ಕಳು ಅವ್ವನನ್ನು ಕಾಡಿಸುತ್ತಿದ್ದರು. ಇಂಥವಳಿಗೆ ಹೋಟೆಲಿನ ಮಾತು ಹೇಳುವುದು ಹೇಗೆ? ಮಾಯಪ್ಪ ತುಟಿ ಹೊಲಿದುಕೊಂಡ. ಹೇಳದೆ ಬಿಟ್ಟ ಮಾತು ಬಿಟ್ಟಲ್ಲೇ ಬಿದ್ದಿರುತ್ತದೆ ಎಂದು ಗಂಡಸರು ಅದು ಹೇಗೆ ನಂಬುತ್ತಾರೋ, ಆ ಶಿವನೇ ಬಲ್ಲ.

ಈ ಸಲ ಅವನು ಯಾವುದಕ್ಕೂ ಕೊರತೆ ಮಾಡಲಿಲ್ಲ. ದೋಣಿಯನ್ನು ದಂಡೆಗೆ ಎಳೆಸಿ, ಮೂರು ದಿನ ತಿಕ್ಕಿ ತಿಕ್ಕಿ ಕೆಸರು ತೆಗೆದ. ಕಾಲಿಡುವ ಹಲಗೆಗಳನ್ನೆಲ್ಲ ಬಿಚ್ಚಿ ಬೇರೆ ಒರಗಿಸಿಟ್ಟ. ಶೆಡ್ಡಿನಲ್ಲಿ ಮೊಳಕಾಲುದ್ದದ ಕಲ್ಲುಗಳ ಮೇಲೆ ದೋಣಿಯನ್ನು ಕೂರಿಸಿ, ತಳದ ಬೆಣೆ ಕಿತ್ತು, ಎಲ್ಲಾದರೂ ಉಳಿದ ನೀರು ಇಳಿದುಹೋಗಲೆಂದು ಹಿಂಭಾಗವನ್ನು ತುಸು ತಗ್ಗಿಸಿದ. ಹದಿನೈದು ದಿನ ಬರಿಯ ಗಾಳಿಗೆ ಬಿಟ್ಟ. ಹಲಗೆ ತಟ್ಟಿದರೆ ಟಣ್ ಎನ್ನತೊಡಗಿದ ಮೇಲೆ ಸಂದುಗಳಿಗೆ ಹತ್ತಿ, ಡಾಂಬರು ತುಂಬಿದ, ಮೈಗೆಲ್ಲ ಅಗಸೆ ಎಣ್ಣೆ ತಿಕ್ಕಿದ. ಒಳಗೆ ಎರಡು ಗೋಣಿಚೀಲ ಇದ್ದಿಲು ಇಟ್ಟ, ಬಂದ ಹಸಿಯನ್ನು ಅದು ಕುಡಿಯಲೆಂದು.

ಒಂದೇ ಒಂದು ಜಾಗಕ್ಕೆ ಅವನು ಕೈ ಹಾಕಲಿಲ್ಲ. ದೋಣಿಯ ಮೂತಿಯಲ್ಲಿ, ಮುಂದಿನ ಹಲಗೆಯ ಕೆಳಗೆ, ಒಂದು ಪುಟ್ಟ ಗೂಡಿತ್ತು. ಅದಕ್ಕೆ ಗೇಣಗಲದ ಬಾಗಿಲು, ಅದನ್ನು ಬಿಗಿಯಲು ಎರಡು ಗೂಟ. ಅದು ಗಂಗವ್ವನ ಗೂಡು. ಕಾರಹುಣ್ಣಿಮೆಗೆ ದೋಣಿ ನೀರಿಗಿಳಿಸುವ ಮುನ್ನ ಹೆಂಗಸರು ಅದರಲ್ಲಿ ಅರಿಶಿನ ಕುಂಕುಮ ಇಡುತ್ತಾರೆ. ಗಂಡಸಿನ ಕೈ ಅದರೊಳಗೆ ಹೋಗಬಾರದು ಎಂಬುದು ಅಂಬಿಗರ ಮನೆಯ ಕಟ್ಟಳೆ. ಮಾಯಪ್ಪನ ಅಪ್ಪ ಹೋಗಗೊಟ್ಟಿರಲಿಲ್ಲ, ಅಜ್ಜನೂ ಹೋಗಗೊಟ್ಟಿರಲಿಲ್ಲ. ಪ್ರತಿವರ್ಷ ಸುಂದರಾ ಬಂದು ಗೂಡು ಒರೆಸಿ, ಬೇವಿನ ಎಲೆ ಹರಡಿ, ಬಾಗಿಲು ತೆರೆದಿಟ್ಟು ಹೋಗುತ್ತಿದ್ದಳು. ಈ ವರ್ಷವೂ, ದೀಪಾವಳಿಯಾಗಿ ತಿಂಗಳಿಗೆ ಬರುವ ಛಟ್ಟಿ ಅಮಾವಾಸ್ಯೆಯ ಮರುದಿನ ಬಂದಿದ್ದಳು. ಬಾಗಿಲು ಮಾತ್ರ ಮುಚ್ಚಿತ್ತು. ಇಲಿಗಳ ಕಾಟಕ್ಕೆ ಮುಚ್ಚಿರಬೇಕು ಎಂದುಕೊಂಡ ಮಾಯಪ್ಪ. ಅಷ್ಟು ದೊಡ್ಡ ಮೂಗಿನ ಮನುಷ್ಯ, ಅಷ್ಟಕ್ಕೇ ಸುಮ್ಮನಾದ.

ಸಂಕ್ರಮಣಕ್ಕೆ ಇನ್ನೂ ವಾರವಿರುವಾಗ ಬೂಸ್ಟು ಕಾಣಿಸಿತು. ಮೂತಿಯ ಕಡೆಯ ಎರಡು ಹಲಗೆಗಳ ಮೇಲೆ, ಬೆಳ್ಳಗೆ, ಯಾರೋ ಹಿಟ್ಟಿನ ಕೈ ಒರೆಸಿ ಹೋದಂತೆ. ಮಾಯಪ್ಪ ಕೂಡಲೇ ಕೆಲಸಕ್ಕೆ ಇಳಿದ. ಸುಣ್ಣದ ತಿಳಿನೀರಿನಿಂದ ತೊಳೆದ, ಒರೆಸಿದ, ಗಾಳಿಗೆ ಬಿಟ್ಟ, ಮತ್ತೆ ಎಣ್ಣೆ ತಿಕ್ಕಿದ. ಎಂಟು ದಿನಕ್ಕೆ ಅದೇ ಜಾಗದಲ್ಲಿ ಅದೇ ಬಿಳುಪು, ಈಗ ನಡುವೆ ಹಸಿರು ಬಣ್ಣ ಬೇರೆ. ಪಕ್ಕದ ಹೊಲದ ಕಬ್ಬಿಗೆ ನೀರು ಬಿಟ್ಟದ್ದರಿಂದ ಇರಬೇಕೆಂದು ಆ ಬದಿಗೆ ಎರಡನೇ ಪರದೆ ಕಟ್ಟಿದ. ಇದ್ದಿಲಿನ ಚೀಲ ಬದಲಿಸಿದ. ತಗಡಿನಿಂದ ಇಬ್ಬನಿ ತೊಟ್ಟಿಕ್ಕುತ್ತಿದೆಯೇ ಎಂದು ಮೂರು ದಿನ ಹೊತ್ತು ಮೂಡುವ ಮೊದಲೇ ಹೋಗಿ ದೋಣಿಯ ಪಕ್ಕ ಅಂಗೈ ಚಾಚಿ ಕೂತ. ಒಂದು ಹನಿಯೂ ಬೀಳಲಿಲ್ಲ. ಬೂಸ್ಟು ಮಾತ್ರ ತಪ್ಪದೆ ಬಂತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಹಾಗಿತ್ತು ಅವನ ಗತಿ.

ಸಂಕ್ರಮಣದ ಮರುವಾರ ಹೋಟೆಲಿನ ಶಿವರಾಜ ಅಳತೆಯ ಟೇಪು ಹಿಡಿದು ಬಂದ. ಕೆಟ್ಟ ಮನುಷ್ಯನೇನಲ್ಲ. ಮಾಯಪ್ಪನಿಗೆ ಕೈಮುಗಿದು, ಇಷ್ಟು ಚಂದದ ಕೆಲಸವನ್ನು ತಾನು ನೋಡಿಯೇ ಇಲ್ಲವೆಂದು ಮನಸಾರೆ ಹೊಗಳಿದ. ನಡುವಿನಲ್ಲಿ ಕಾಗದದ ಹೂವಿನ ಬಳ್ಳಿ, ಅಂಚಿಗೆ ದೀಪದ ಸರ ಎಂದೆಲ್ಲ ವಿವರಿಸಿದ. ಆಮೇಲೆ ಬಗ್ಗಿ ತಳ ನೋಡಿ, “ಗಿಡಕ್ಕ ಹಾಕಿದ ನೀರ ನಿಂದ್ರಬಾರ್ದಲ್ರಿ, ತಳಕ್ಕ ನಾಕ ತೂತ ಹೊಡದ್ರ ಆತು,” ಎಂದ.

ಇಪ್ಪತ್ತೆರಡು ವರ್ಷ ತೂತು ಮುಚ್ಚಿಕೊಂಡೇ ಬಂದವನ ಮುಂದೆ ಆಡುವ ಮಾತೇ ಅದು? ಮಾಯಪ್ಪ ಹಲಗೆಯ ಮೇಲೆ ಇಲ್ಲದ ಧೂಳು ಒರೆಸಿದ. ಊರಿಗೆ ನೀರು ನುಗ್ಗಿದ ಮಹಾಪೂರದ ವರ್ಷ ಈ ತಳದ ಮೇಲೆ ಬಾಣಂತಿಯರು ಕೂತಿದ್ದರು, ಕರುಗಳು ನಿಂತಿದ್ದವು, ಲಗಮಣ್ಣನ ಅವ್ವ ಮಲಗಿಕೊಂಡೇ ಹೊಳೆ ದಾಟಿದ್ದಳು. ಒಂದು ಹನಿ ಒಳಗೆ ಬಂದಿರಲಿಲ್ಲ. ಅಂದು ಮನೆಗೆ ನಡೆಯುವಾಗ ಅವನಿಗೆ ತನ್ನ ಕೈಗಳ ಮೇಲೇ ಮೊದಲ ಸಲ ಅನುಮಾನ ಬಂತು. ವಯಸ್ಸಾಯಿತೇ? ಮರೆತಿದ್ದೇನೆಯೇ? ಬಹಳ ಸಂಕಟವಾಯಿತು. ಮನೆಯಲ್ಲಿ ಸುಂದರಾ ಊಟಕ್ಕೆ ಬಡಿಸಿದಳೇ ಹೊರತು ದೋಣಿ ಹೇಗಿದೆ ಎಂದು ಕೇಳಲಿಲ್ಲ. ಕೇಳದೇ ಇರುವವಳಲ್ಲ ಅವಳು. ಅದೂ ಅವನ ಗಮನಕ್ಕೆ ಬರಲಿಲ್ಲ, ಅಷ್ಟು ತನ್ನ ಚಿಂತೆಯಲ್ಲಿ ಮುಳುಗಿದ್ದ.

ಗುಟ್ಟು ಬಿಟ್ಟುಕೊಟ್ಟದ್ದು ಇರುವೆಗಳು. ಶಿವರಾತ್ರಿಗೆ ಎರಡು ದಿನವಿತ್ತು, ಬಿಸಿಲು ಚುರುಕಾಗಿತ್ತು. ಮಾಯಪ್ಪ ಮಧ್ಯಾಹ್ನ ದೋಣಿಯ ಪಕ್ಕ ಕೂತಿದ್ದಾಗ ಕೆಂಪಿರುವೆಗಳ ಸಾಲೊಂದು ಕಲ್ಲು ಹತ್ತಿ, ಅಂಚು ಹಿಡಿದು, ಮೂತಿಯತ್ತ ಸಾಗುತ್ತಿತ್ತು. ಎಣ್ಣೆ ತಿಕ್ಕಿದ ಜಾಲಿ ಹಲಗೆಯಲ್ಲಿ ಇರುವೆಗೇನು ಕೆಲಸ? ಸಾಲನ್ನು ಕಣ್ಣಿನಿಂದ ಹಿಂಬಾಲಿಸಿದ. ಅದು ಗಂಗವ್ವನ ಗೂಡಿನ ಬಾಗಿಲ ಸಂದಿನಲ್ಲಿ ಒಳಗೆ ಇಳಿಯುತ್ತಿತ್ತು. ಮೂಗು ಹತ್ತಿರ ಒಯ್ದ. ಎಣ್ಣೆ, ಡಾಂಬರಿನ ವಾಸನೆಯ ಹಿಂದೆ ಇನ್ನೊಂದು ವಾಸನೆಯಿತ್ತು, ಹುಳಿ ಬಂದ ಬೆಲ್ಲದ್ದು.

ಕೈ ಗೂಟದ ತನಕ ಹೋಗಿ ನಿಂತಿತು. ಅಪ್ಪ, ಅಜ್ಜ ಇಬ್ಬರೂ ಹಿಂದೆ ನಿಂತಂತಾಯಿತು. ಮಾಯಪ್ಪ ಮನೆಗೆ ಹೋಗಿ ಸುಂದರಾಳನ್ನು ಕರೆದುಕೊಂಡು ಬಂದ. ಶೆಡ್ಡಿನೊಳಗೆ ಬಂದು ಗೂಡು ತೆರೆಯೆಂದ. ಅವಳು ಸೆರಗಿನ ತುದಿ ಹಿಡಿದು ನಿಂತಲ್ಲೇ ನಿಂತಳು.

“ತೆರ್ಯಾಕ ಬರಂಗಿಲ್ರಿ,” ಎಂದಳು. “ಆಕಿಗಿ ಉಡಿ ತುಂಬೇನಿ.”

ಹೊರಟುನಿಂತ ಮಗಳ ಮಡಿಲಿಗೆ ಅಕ್ಕಿ, ಕಾಯಿ ತುಂಬುವ ಶಾಸ್ತ್ರ ದೋಣಿಗೇಕೆ ಎಂದು ಮಾಯಪ್ಪನಿಗೆ ಅರ್ಥವಾಗಲಿಲ್ಲ. ಸುಂದರಾ ನಿಧಾನವಾಗಿ ಹೇಳಿದಳು. ಛಟ್ಟಿ ಅಮಾವಾಸ್ಯೆಯ ಹಿಂದಿನ ದಿನ ಹಿಟ್ಟಿನ ಗಿರಣಿಯಲ್ಲಿ ಲಗಮಣ್ಣನ ಹೆಂಡತಿ ಕಸ್ತೂರೆವ್ವ ಸಿಕ್ಕಿದ್ದಳು. ನಿಮ್ಮ ನಾವ ನಿಪ್ಪಾಣಿಗೆ ಹೊರಟಿತಂತಲ್ಲ, ಹೋಟೆಲಿನವರು ಬಂದು ಕೇಳಿ ಹೋದರು ಎಂದಿದ್ದಳು. ಗಂಡ ಬಾಯಿ ಬಿಡಲಿಲ್ಲವೆಂದ ಮೇಲೆ ಅದು ಖರೆಯೇ ಇರಬೇಕು, ಹೇಳಲು ಅವರಿಗೆ ಸಂಕಟವಿರಬೇಕು ಎಂದುಕೊಂಡಳು. ಅಮಾವಾಸ್ಯೆ ಕಳೆದ ಮರುದಿನ ಬಂದು ಗೂಡು ಒರೆಸಿ, ಹಸಿರು ಖಣ ಹಾಸಿ, ಐದು ಹಿಡಿ ಅಕ್ಕಿ, ಒಂದು ತೆಂಗಿನಕಾಯಿ, ಗಾಣದಿಂದ ಆಗಷ್ಟೇ ತಂದ ಹೊಸ ಬೆಲ್ಲದ ಅಚ್ಚು, ಎಲೆ ಅಡಿಕೆ ಇಟ್ಟು ಬಾಗಿಲು ಮುಚ್ಚಿದಳು.

“ಮಗಳು ಹೊಂಟ್ಳು ಅಂದ್ಮ್ಯಾಲೆ ಬರೇ ಉಡಿಲೆ ಹೆಂಗ ಕಳಸೂದ್ರಿ?” ಎಂದಳು.

ಮಾಯಪ್ಪನಿಗೆ ಮೊದಲು ಬಂದದ್ದು ಸಿಟ್ಟೇ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಚಳಿಗಾಲವಿಡೀ ತಾನು ಹಸಿಯ ಒಂದೊಂದು ಹನಿಯ ಹಿಂದೆ ಬಿದ್ದಿದ್ದರೆ, ಇವಳು ತೆಂಗಿನಕಾಯಿ ಬೆಲ್ಲ ಎರಡನ್ನೂ ಒಳಗಿಟ್ಟು ಬಾಗಿಲು ಜಡಿದಿದ್ದಾಳೆ. ಇಬ್ಬನಿಗೆ ಹೊಸ ಬೆಲ್ಲ ನೀರೊಡೆಯದೆ ಇದ್ದೀತೇ? ದೋಣಿ ಹೋಗುತ್ತದೆಂದು ಉಡಿ ತುಂಬಿದಳು, ತುಂಬಿದ ಉಡಿಯೇ ದೋಣಿಯನ್ನು ಕಳಿಸಲು ಕೂತಿದೆ. ಬೈಯಲೆಂದು ಬಾಯಿ ತೆರೆದ.

“ನೀವು ಮೊದಲs ಹೇಳಿದ್ರ ನಾ ತುಂಬತಿದ್ದಿಲ್ರಿ,” ಎಂದಳು ಸುಂದರಾ.

ತೆರೆದ ಬಾಯಿಯನ್ನು ಮಾಯಪ್ಪ ಮುಚ್ಚಿಕೊಂಡ. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮುಚ್ಚಿಟ್ಟಲ್ಲಿ ಬೂಸ್ಟು ಹಿಡಿಯುತ್ತದೆ ಎಂದು ಊರಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ತಾನೇ. ಅವನಿಗೆ ನಾಚಿಕೆಯಾಯಿತು, ಹೆಂಡತಿಯ ಮೇಲೆ ಅಪಾರ ಮರುಕವೂ ಬಂತು. ಶಿವರಾತ್ರಿಯ ಮಾತು, ದಬ್ಬಣದ ಮಾತು, ನಾಲ್ಕು ತೂತುಗಳ ಮಾತು ಎಲ್ಲವನ್ನೂ ಅಲ್ಲೇ ನಿಂತು ಹೇಳಿದ. ಕೇಳಿ ಸುಂದರಾ ಕಣ್ಣೊರೆಸಿಕೊಂಡು ಗೂಟ ಕಿತ್ತಳು.

ಬೆಲ್ಲ ಕರಗಿ ಅಕ್ಕಿಯನ್ನು ನುಂಗಿತ್ತು. ತೆಂಗಿನಕಾಯಿ ಬಿರಿದು ಕಪ್ಪಾಗಿತ್ತು, ಖಣದ ಹಸಿರು ಎಲ್ಲಿಯೂ ಕಾಣದಷ್ಟು ಬೂಸ್ಟು. ಬೆಲ್ಲದ ನೀರು ಗೂಡಿನ ತಳದಿಂದ ಸಂದು ಹಿಡಿದು ಇಳಿದು ಪಕ್ಕದ ಎರಡು ಹಲಗೆಗಳನ್ನು ನೆನೆಸಿತ್ತು. ಎಲ್ಲವನ್ನೂ ತೆಗೆದು ಸುಂದರಾ ಹೊಳೆಗೆ ಬಿಟ್ಟು ಬಂದಳು. ಮಾಯಪ್ಪ ದಬ್ಬಣ ತಂದ. ಎರಡು ಹಲಗೆಗಳ ಮೇಲೆ ಒತ್ತಿದ, ಗಟ್ಟಿ. ಉಸಿರು ಬಂತು. ಗೂಡಿನ ತಳದ ಹಲಗೆಗೆ ಮಾತ್ರ ಸುಂದರಾಳ ಕೈಯಿಂದಲೇ ಒತ್ತಿಸಿದ. ದಬ್ಬಣ ಅರ್ಧ ಬೆರಳು ಒಳಗೆ ಹೋಯಿತು.

ಗೇಣಗಲದ ತುಂಡು ಅದು, ನೀರಿಗೆ ತಾಗುವುದೂ ಇಲ್ಲ. ಆದರೆ ಹಲಗೆ ಹಲಗೆಯೇ. ಎಣ್ಣೆಯಲ್ಲಿ ಡಾಂಬರು ಕಲಸಿ ಮೇಲೆ ಬಳಿದುಬಿಟ್ಟರೆ ಲಗಮಣ್ಣನಿಗೆ ಗೊತ್ತಾಗುವುದೇ ಎಂದು ಸುಂದರಾ ಮೆಲ್ಲಗೆ ಕೇಳಿದಳು. ಮಾಯಪ್ಪ ತಲೆಯಾಡಿಸಿದ.

“ಮ್ಯಾಲೆ ಬಳದ್ರ ಒಳಗಿನ ಹಸಿ ಒಳಗs ಉಳೀತೈತಿ,” ಎಂದ. “ಇದ್ದದ್ದ ಇದ್ದಂಗ ತೋರ್ಸೂಣು.”

ಶಿವರಾತ್ರಿಯ ಬೆಳಿಗ್ಗೆ ಲಗಮಣ್ಣ ಉಪವಾಸದ ಹೊಟ್ಟೆಯಲ್ಲಿ ಬಂದ, ಶಿವರಾಜನೂ ಬಂದ. ಲಗಮಣ್ಣ ಹೆಸರಿಗೆ ಪರೀಕ್ಷೆ ಮಾಡುವವನಲ್ಲ. ಮೊಳಕಾಲೂರಿ ಕೂತು ಒಂದೊಂದು ಹಲಗೆಗೂ ಮೂರು ಮೂರು ಕಡೆ ದಬ್ಬಣ ಒತ್ತಿದ. ಎಲ್ಲೂ ಇಳಿಯಲಿಲ್ಲ. ಎದ್ದು ಮೊಳಕಾಲು ಒರೆಸಿಕೊಂಡು ನಕ್ಕ. ಅಲ್ಲಿಗೆ ಮುಗಿದುಹೋಗುತ್ತಿತ್ತು. ಮಾಯಪ್ಪ ತಡೆದು, ಇನ್ನೊಂದಿದೆ ಎಂದು ಹೆಂಡತಿಯತ್ತ ನೋಡಿದ. ಸುಂದರಾ ಗೂಡು ತೆರೆದು, ದಬ್ಬಣ ಇಸಿದುಕೊಂಡು ತಾನೇ ಒತ್ತಿ ತೋರಿಸಿದಳು. ಅದು ಇಳಿಯಿತು.

ಲಗಮಣ್ಣನ ಮುಖ ಸಣ್ಣಗಾಯಿತು. ಮಾತು ಕೊಟ್ಟವನು ಅವನೇ. ಶಿವರಾಜ, ಮಾತೆಂದರೆ ಮಾತಲ್ಲವೇ ಎಂದು ಮರ್ಯಾದೆಯಿಂದಲೇ ನೆನಪಿಸಿದ. ಹೀಗೇಕಾಯಿತು ಎಂದು ಲಗಮಣ್ಣ ಕೇಳಿದಾಗ ತಪ್ಪು ತನ್ನದು, ಮನೆಯಲ್ಲಿ ಹೇಳಬೇಕಾದ ಮಾತು ಹೇಳಲಿಲ್ಲ ಎಂದ ಮಾಯಪ್ಪ. ಅದರ ತಲೆಬುಡ ಯಾರಿಗೂ ತಿಳಿಯಲಿಲ್ಲ. ಆಗ ಸುಂದರಾ ಮುಂದೆ ಬಂದಳು. ಅಧ್ಯಕ್ಷರ ಮುಂದೆ ಅವಳು ಎಂದೂ ಮಾತಾಡಿದವಳಲ್ಲ.

“ನಾ ಆಕಿಗಿ ಉಡಿ ತುಂಬಿದ್ದೆ ಲಗಮಣ್ಣಾ, ಅದರಿಂದ ಹಿಂಗಾತು,” ಎಂದಳು. “ಉಡಿ ತುಂಬಿದಾಕಿ ತವರಾಗ ಉಳೀಬಾರ್ದು, ಅದು ನನಗೂ ಗೊತ್ತೈತಿ. ಕಳಸೂದs. ಆದ್ರ ಉಡಿ ತುಂಬಿ ಕಳಸೂದು ಗಂಡನ ಮನಿಗೆ. ದಂಡಿ ಆಕಿಗಿ ತವರು. ಗಂಡನ ಮನಿ ಹೊಳಿ. ನಿಪ್ಪಾಣಿ ಹೋಟೆಲ್ ಆಕಿಗಿ ಏನಾಗಬೇಕು, ನೀವs ಹೇಳ್ರಿ.”

ಶೆಡ್ಡಿನ ಪರದೆ ಗಾಳಿಗೆ ಉಬ್ಬಿ ಇಳಿಯಿತು. ಲಗಮಣ್ಣ ದಬ್ಬಣದ ತುದಿ ನೋಡುತ್ತ ನಿಂತ. ಹೋದ ವರ್ಷವಷ್ಟೇ ಅವನು ಮಗಳು ಮನೀಷಾಳನ್ನು ಅಥಣಿಗೆ ಕೊಟ್ಟಿದ್ದ. ಉಡಿ ತುಂಬಿಸಿಕೊಂಡು ಅವಳು ಕಾರು ಹತ್ತುವಾಗ ದ್ರಾಕ್ಷಿಗೆ ಔಷಧ ಹೊಡೆಯುವುದಿದೆ ಎಂದು ನೆವ ಹೇಳಿ ತೋಟಕ್ಕೆ ಹೋಗಿ ಅತ್ತವನು ಅವನು, ಊರಿಗೆಲ್ಲ ಗೊತ್ತಿದ್ದ ಸಂಗತಿ. ಮಾಯಪ್ಪನಿಗೆ ತನ್ನ ಹೆಂಡತಿಯ ಮುಖದಿಂದ ಕಣ್ಣು ಕೀಳಲಾಗಲಿಲ್ಲ. ನಲವತ್ತು ವರ್ಷ ಹೊಳೆಯ ಮೇಲೇ ಬದುಕಿದ ತನಗೆ ಈ ಮಾತು ಒಮ್ಮೆಯೂ ಹೊಳೆದಿರಲಿಲ್ಲ.

ಮೊದಲು ಸೋತವನು ಶಿವರಾಜ. ಹೆಣ್ಣುಮಕ್ಕಳ ಉಡಿಯ ಮಾತಿಗೆ ತಾನು ಅಡ್ಡ ಬರುವವನಲ್ಲ, ತನಗೂ ಇಬ್ಬರು ತಂಗಿಯರಿದ್ದಾರೆ ಎಂದು ಟೇಪನ್ನು ಜೇಬಿಗೆ ಹಾಕಿದ. ಲಗಮಣ್ಣನಿಗೆ ಜೀವ ಬಂದಂತಾಯಿತು. ಹಿತ್ತಲಲ್ಲಿ ತನ್ನ ಅಜ್ಜನ ಕಾಲದ ಎತ್ತಿನ ಚಕ್ಕಡಿ ಬಿದ್ದಿದೆ, ಹೂವಿನ ಗಿಡಕ್ಕೆ ಅದೇ ಚಂದ, ಅದಕ್ಕೆ ಬೇಕಾದಷ್ಟು ತೂತುಗಳು ಮೊದಲೇ ಇವೆ ಎಂದ. ಎಲ್ಲರೂ ನಕ್ಕರು. ಆಮೇಲೆ ಅವನು ಮಾಯಪ್ಪನ ಕಡೆ ತಿರುಗಿ, ದ್ರಾಕ್ಷಿ ಬರಲು ಇನ್ನು ವಾರವಿದೆ, ಅಷ್ಟರೊಳಗೆ ಆ ತುಂಡು ಕಿತ್ತು ಹೊಸದು ಹಾಕಿ, ನಾನು ಬಂದು ಮತ್ತೆ ಚುಚ್ಚಿ ನೋಡುತ್ತೇನೆ ಎಂದ. ಸುಂದರಾಕಾಕೂಗೆ ಉಪವಾಸದ ಖರ್ಜೂರ ಕೊಟ್ಟು ಹೋದ.

ಹಳೆಯ ತುಂಡನ್ನು ಕಿತ್ತದ್ದು ಸುಂದರಾ, ಅಳತೆ ಹೇಳಿದ್ದು ಮಾಯಪ್ಪ. ಹೊಸ ಜಾಲಿ ತುಂಡನ್ನು ಅವನು ಹೊರಗೆ ಕೂತು ಕೊರೆದು ನಯ ಮಾಡಿದ, ಅವಳು ಒಳಗೆ ಕೂರಿಸಿ ಗೂಟ ಬಡಿದಳು. ಒಂದು ಕೈಯಲ್ಲಿ ಆಗುವ ಕೆಲಸಕ್ಕೆ ಹೀಗೆ ಎರಡು ದಿನ ಹಿಡಿಯಿತು. ಆರನೆಯ ದಿನ ಸಂಜೆ, ಲಗಮಣ್ಣ ಬಂದು ಚುಚ್ಚಿ ನೋಡುವ ಮುನ್ನ, ಇಬ್ಬರೂ ಕೊನೆಯ ಸಲ ನೋಡಲೆಂದು ಶೆಡ್ಡಿಗೆ ಹೋದರು. ಹಲಗೆಗಳ ಮೇಲೆ ಬಿಳುಪಿಲ್ಲ, ಇರುವೆಯಿಲ್ಲ. ಮುಂದಿನ ಸಲ ಒಣಕೊಬ್ಬರಿ, ಉತ್ತತ್ತಿ, ಅರಿಶಿನ ಬೇರು ಅಷ್ಟೇ ಸಾಕೆಂದೂ ಅದನ್ನೂ ಹೊಳೆಗಿಳಿಯುವ ದಿನವೇ ಇಡಬೇಕೆಂದೂ ಸುಂದರಾ ತಾನೇ ಹೇಳಿದಳು. ಗೂಡು ಒಣಗಿದೆಯೇ ಎಂದು ಮಾಯಪ್ಪ ಕೇಳಿದ. ಅವಳು ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

“ನೀವs ಕೈ ಹಾಕಿ ನೋಡ್ರಿ,” ಎಂದಳು. “ಗಂಗವ್ವ ಏನೂ ಅನ್ನಾಂಗಿಲ್ಲ. ಬೂಸರಕಿಂತ ನಿಮ್ಮ ಕೈ ಏನ್ ಕೆಟ್ಟಲ್ಲ.”

ಮಾಯಪ್ಪ ಧೋತರಕ್ಕೆ ಎರಡು ಸಲ ಅಂಗೈ ಒರೆಸಿಕೊಂಡ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವನ ಕೈ ಆ ಪುಟ್ಟ ಬಾಗಿಲೊಳಗೆ ಹೋಯಿತು. ಬೆರಳುಗಳಿಂದ ತಳ ಸವರಿದ, ಮೂಲೆ ಮೂಲೆ ತಡವಿದ. ಗೂಡು ಒಣಗಿತ್ತು.